ಸೈಟಿನಲ್ಲಿ ಬಿದ್ದು ತಲೆಗೆ ಪೆಟ್ಟು: ಪರಿಹಾರಕ್ಕೆ ಓಡಾಡಿದವರು ದಯವಿಟ್ಟು ಹೇಳಿ

ಕೇಳಿದ್ದು, ತುಮಕೂರಿನಿಂದ:

ನನ್ನ ತಮ್ಮನಿಗೆ 35 ವರ್ಷ. ಸೆಂಟ್ರಿಂಗ್ ಕೆಲಸ. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟ್ ಸೈಟೊಂದರಲ್ಲಿ ಎರಡನೇ ಮಹಡಿಯಿಂದ ಬಿದ್ದ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿ ಆಪರೇಷನ್ ಆಯಿತು. ಈಗ ಓಡಾಡುತ್ತಾನೆ, ಮಾತಾಡುತ್ತಾನೆ. ಆದರೆ ಹೇಳಿದ್ದು ನೆನಪಿರಲ್ಲ, ಸಣ್ಣದಕ್ಕೂ ಸಿಡುಕು, ಏಣಿ ಹತ್ತಿದರೆ ತಲೆ ಸುತ್ತು. ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇಲ್ಲ. ಕಂಟ್ರಾಕ್ಟರ್ 'ಹುಡುಗ ಚೆನ್ನಾಗೇ ಇದ್ದಾನಲ್ಲ' ಅಂತ ಒಂದೂವರೆ ಲಕ್ಷಕ್ಕೆ ಬಾಂಡ್ ಪೇಪರ್ ತಂದಿದ್ದಾನೆ. ಸಹಿ ಹಾಕಿಸಲಾ?

ಹುಬ್ಬಳ್ಳಿಯಿಂದ:

ಅಕ್ಕಾ, ಸಹಿ ಮಾತ್ರ ಹಾಕಿಸಬೇಡಿ. ನಮ್ಮ ಮನೆಯವರು ವೈರಿಂಗ್ ಕೆಲಸದವರು. 2021ರಲ್ಲಿ ಸಾರುವೆಯಿಂದ ಬಿದ್ದರು. ನಮ್ಮ ಮನೆಗೂ ಹೀಗೇ ಬಾಂಡ್ ಪೇಪರ್ ಬಂದಿತ್ತು. 'ಇನ್ನು ಮುಂದೆ ಏನೂ ಕೇಳುವುದಿಲ್ಲ' ಅಂತ ಬರೆಸಿಕೊಳ್ಳುವ ಕಾಗದ ನೌಕರರ ಪರಿಹಾರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನಿಲ್ಲುವುದಿಲ್ಲ. ಆದರೂ ಸಹಿ ಬಿತ್ತು ಅಂದರೆ ಅದನ್ನೇ ಹಿಡಿದುಕೊಂಡು ವರ್ಷಗಟ್ಟಲೆ ಎಳೆದಾಡುತ್ತಾರೆ.

ಮೊದಲು ಲೆಕ್ಕ ನೋಡಿ. ದುಡಿಯುವ ಶಕ್ತಿ ಪೂರ್ತಿ ಹೋದರೆ ತಿಂಗಳ ಸಂಬಳದ ಶೇ 60ನ್ನು ವಯಸ್ಸಿಗೆ ತಕ್ಕ ಒಂದು ಅಂಕದಿಂದ ಗುಣಿಸುತ್ತಾರೆ. ಸಂಬಳ ಎಷ್ಟೇ ಇರಲಿ, 2020ರ ಜನವರಿಯಿಂದ 15,000 ರೂಪಾಯಿವರೆಗೆ ಮಾತ್ರ ಹಿಡಿಯುತ್ತಾರೆ. 35 ವರ್ಷಕ್ಕೆ ಆ ಅಂಕ 197.06. ತಮ್ಮನಿಗೆ 15,000 ಅಥವಾ ಅದಕ್ಕಿಂತ ಜಾಸ್ತಿ ಬರುತ್ತಿತ್ತು ಅಂದರೆ 9,000ವನ್ನು 197.06ರಿಂದ ಗುಣಿಸಿ: 17,73,540 ರೂಪಾಯಿ. ಅರ್ಧ ಶಕ್ತಿ ಹೋಗಿದೆ ಅಂತ ತೀರ್ಮಾನವಾದರೂ 8,86,770. ಆಸ್ಪತ್ರೆ ಖರ್ಚು ಬೇರೆ. ತಿಂಗಳೊಳಗೆ ಕೊಡದಿದ್ದರೆ ಶೇ 12 ಬಡ್ಡಿ ಬೇರೆ. ಒಂದೂವರೆ ಲಕ್ಷ ಎಲ್ಲಿ, ಇದೆಲ್ಲಿ!

ಕಷ್ಟ ಇರುವುದು 'ಎಷ್ಟು ಶಕ್ತಿ ಹೋಗಿದೆ' ಅನ್ನುವುದರಲ್ಲಿ. ಬೆರಳು ಹೋದರೆ, ಕೈ ಹೋದರೆ ಇಷ್ಟು ಶೇಕಡಾ ಅಂತ ಕಾಯ್ದೆಯ ಪಟ್ಟಿಯಲ್ಲೇ ಇದೆ. ನೆನಪು ಹೋದದ್ದಕ್ಕೆ ಪಟ್ಟಿ ಇಲ್ಲ. ಡಾಕ್ಟರೇ ನೋಡಿ ಹೇಳಬೇಕು. ನಮ್ಮ ಡಿಸ್ಚಾರ್ಜ್ ಕಾಗದದಲ್ಲಿ 'ಪ್ರಜ್ಞೆ ಸರಿಯಿದೆ, ಮಾತು ಸರಿಯಿದೆ' ಅಂತ ಒಂದು ಸಾಲು ಇತ್ತು. ಎದುರು ವಕೀಲರು ಆ ಸಾಲನ್ನೇ ಮೂರು ಸಲ ಓದಿದರು. ಇವರೂ ಪಾಟಿ ಸವಾಲಿನಲ್ಲಿ ಹೆಸರು, ಊರು, ತಾರೀಖು ಎಲ್ಲ ಪಟಪಟ ಹೇಳಿಬಿಟ್ಟರು. ಹಿಂದೆ ಕೂತಿದ್ದ ನನಗೆ ಎದೆ ಧಸಕ್ ಅಂದಿತು.

ನಮ್ಮ ಕೈ ಹಿಡಿದದ್ದು ಒಂದು ನೋಟ್‌ಬುಕ್. ಮಗಳ ಹಳೇ ಲೆಕ್ಕದ ಪುಸ್ತಕ. ಅದರ ಹಿಂದಿನ ಹಾಳೆಗಳಲ್ಲಿ ತಾರೀಖು ಹಾಕಿ ದಿನಾ ಬರೆಯುತ್ತಿದ್ದೆ. 'ಹಾಲು ಒಲೆ ಮೇಲಿಟ್ಟು ಹೊರಗೆ ಹೋದರು, ಪಾತ್ರೆ ಸೀದುಹೋಯಿತು.' 'ಅಂಗಡಿಗೆ ಕಳಿಸಿದೆ, ಮೂರು ಸಾಮಾನು ಹೇಳಿದ್ದೆ, ಬೆಲ್ಲ ಮಾತ್ರ ತಂದರು.' 'ಮನೆಯ ಸ್ವಿಚ್ ಬೋರ್ಡ್ ಬಿಚ್ಚಿದರು. ಎರಡು ಗಂಟೆ ವೈರ್ ಹಿಡಿದುಕೊಂಡು ಕೂತರು. ಯಾವುದು ಎಲ್ಲಿಗೆ ಅಂತ ಗೊತ್ತಾಗಲಿಲ್ಲ. ಅತ್ತರು.' ಹದಿನೈದು ವರ್ಷ ಅದೇ ಕೆಲಸ ಮಾಡಿದ ಮನುಷ್ಯ, ಅಕ್ಕಾ. ನಿಮ್ಹಾನ್ಸ್‌ನಲ್ಲಿ ನೆನಪು, ಗಮನ, ಯೋಚನೆಯ ಪರೀಕ್ಷೆ ಮಾಡುವಾಗ ಆ ಪುಸ್ತಕ ತೋರಿಸಿದೆ. ಸ್ಕ್ಯಾನ್‌ನಲ್ಲಿ ಕಾಣದೆ ಹೋದದ್ದು ಆ ಪರೀಕ್ಷೆಯ ವರದಿಯಲ್ಲಿ ಬಂತು. ಅದಕ್ಕೇ ನ್ಯೂರೋಸೈಕಾಲಜಿ ಪರೀಕ್ಷೆ ಅನ್ನುತ್ತಾರೆ, ನೀವೂ ಮಾಡಿಸಲೇಬೇಕು.

ಇನ್ನೊಂದು ವಿಷಯ. ದೇಹಕ್ಕೆ ಆದ ಊನದ ಶೇಕಡಾ ಬೇರೆ, ದುಡಿಯುವ ಶಕ್ತಿ ಹೋದ ಶೇಕಡಾ ಬೇರೆ. ಎಡಗೈ ಕಳೆದುಕೊಂಡ ಒಬ್ಬ ಬಡಗಿಯ ಕೇಸಿನಲ್ಲಿ, ಒಂದೇ ಕೈಯಲ್ಲಿ ಬಡಗಿ ಕೆಲಸ ಆಗಲ್ಲ, ಹಾಗಾಗಿ ನಷ್ಟ ಪೂರ್ತಿ ನೂರು ಅಂತ ಸುಪ್ರೀಂ ಕೋರ್ಟ್ 1970ರ ದಶಕದಲ್ಲೇ ಒಪ್ಪಿದೆ. ನಮ್ಮ ಡಾಕ್ಟರ್ ಮೊದಲು ಶೇ 40 ಅಂದಿದ್ದರು. 'ಇವರು ಮತ್ತೆ ವೈರಿಂಗ್ ಮಾಡಬಹುದಾ?' ಅಂತ ನಮ್ಮ ವಕೀಲರು ಕೇಳಿದರು. 'ಇಲ್ಲ, ಮಾಡಿಸಬಾರದು' ಅಂದರು. ಆ ಮಾತಿನ ಮೇಲೆ ನಮ್ಮ ಆದೇಶ ನಿಂತಿತು. ಡಾಕ್ಟರ್ ಖುದ್ದಾಗಿ ಬಂದು ಹೇಳಬೇಕು. ಬರೀ ಸರ್ಟಿಫಿಕೇಟ್ ಇಟ್ಟರೆ ಸಾಲದು.

ಅರ್ಜಿಗೆ ಎರಡು ವರ್ಷ ಗಡುವು. ನಿಮಗೆ 2027ರ ಏಪ್ರಿಲ್. ತುಮಕೂರಿನಲ್ಲೇ ಹಾಕಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. ಕಂಟ್ರಾಕ್ಟರ್ ಜೊತೆ ಬಿಲ್ಡರನ್ನೂ ಎದುರುದಾರರನ್ನಾಗಿ ಸೇರಿಸಿ. ನಾಳೆ ಕಂಟ್ರಾಕ್ಟರ್ ಕೈಯೆತ್ತಿದರೂ ಅವರು ಕೊಡಬೇಕಾಗುತ್ತದೆ. 2025ರ ನವೆಂಬರ್‌ನಲ್ಲಿ ಸಾಮಾಜಿಕ ಭದ್ರತೆಯ ಹೊಸ ಸಂಹಿತೆ ಬಂತು, ಹಳೇದೆಲ್ಲ ಹೋಯಿತು ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ತಮ್ಮ ಬಿದ್ದದ್ದು ಅದಕ್ಕಿಂತ ಮೊದಲು.

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದವರು ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿ.

ಪೀಣ್ಯದಿಂದ:

ಇಎಸ್‌ಐ ಇಲ್ಲ ಅಂತ ಕಂಟ್ರಾಕ್ಟರ್ ಹೇಳಿದ್ದಾ, ನೀವೇ ವಿಚಾರಿಸಿದ್ದಾ? ನನಗೂ ಇಲ್ಲ ಅಂದಿದ್ದರು, ಇತ್ತು. ಇದ್ದರೆ ದಾರಿಯೇ ಬೇರೆ. ಎರಡೂ ಕಡೆ ಪರಿಹಾರ ಸಿಗಲ್ಲ, ಇಎಸ್‌ಐ ಒಂದರಿಂದಲೇ. ಕೆಲಸ ಮಾಡಲಾಗದಷ್ಟು ದಿನ ಸಂಬಳದ ಶೇ 90 ಬರುತ್ತದೆ. ಆಮೇಲೆ ಮೆಡಿಕಲ್ ಬೋರ್ಡ್ ಎಷ್ಟು ಶಕ್ತಿ ಹೋಗಿದೆ ಅಂತ ಹೇಳಿದ ಮೇಲೆ ಅದರಂತೆ ತಿಂಗಳು ತಿಂಗಳು ಹಣ. ನನಗೆ ಬೋರ್ಡ್ ಮುಂದೆ ಸಿಕ್ಕಿದ್ದು ಹತ್ತೇ ನಿಮಿಷ. ತಲೆನೋವು, ಮರೆವು ಎಲ್ಲ ಹೇಳುವುದೇ ಮರೆತು ಬಂದೆ. ಚೀಟಿಯಲ್ಲಿ ಬರೆದುಕೊಂಡು ಹೋಗಿ, ಮನೆಯವರೂ ಜೊತೆಗಿರಲಿ.

ಮೈಸೂರಿನಿಂದ:

ನಾನು ನರ್ಸ್. ತಲೆಗೆ ದೊಡ್ಡ ಪೆಟ್ಟು ಬಿದ್ದ ಕೆಲವರಿಗೆ ತಿಂಗಳುಗಳ ನಂತರ ಫಿಟ್ಸ್ ಶುರುವಾಗುತ್ತದೆ. ತಮ್ಮನಿಗೆ ಒಮ್ಮೆ ಬಂದಿದ್ದರೂ ಡಾಕ್ಟರ್ ಹತ್ತಿರ ಬರೆಸಿ. ಫಿಟ್ಸ್ ಇರುವವರು ಎತ್ತರದಲ್ಲಿ ನಿಂತು ಕೆಲಸ ಮಾಡುವ ಹಾಗಿಲ್ಲ. ಸೆಂಟ್ರಿಂಗ್ ಕೆಲಸಕ್ಕೆ ಅದೇ ದೊಡ್ಡ ನಷ್ಟ. ಮಾತ್ರೆ ನಿಲ್ಲಿಸಬೇಡಿ. ಆ ಸಿಡುಕೂ ಪೆಟ್ಟಿನದೇ, ಅವನ ಗುಣ ಅಲ್ಲ. ಮನೆಯಲ್ಲಿ ಮಕ್ಕಳಿಗೂ ಇದನ್ನು ಬಿಡಿಸಿ ಹೇಳಿ.

ಮತ್ತೆ ತುಮಕೂರಿನಿಂದ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಬಾಂಡ್ ಪೇಪರ್ ವಾಪಸ್ ಕಳಿಸಿದೆ. ಇವತ್ತು ಆಸ್ಪತ್ರೆಯ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸುಗಳಲ್ಲಿ ಆಸ್ಪತ್ರೆಯವರು ಬರೆದಿಡುವ ದಾಖಲೆ) ನಕಲು ಸಿಕ್ಕಿತು. ಅದರಲ್ಲಿ 'ಬೈಕಿನಿಂದ ಬಿದ್ದ' ಅಂತ ಇದೆ! ಅವತ್ತು ಸೇರಿಸಿದ್ದು ಮೇಸ್ತ್ರಿ. ತಮ್ಮನಿಗೆ ಜ್ಞಾನವೇ ಇರಲಿಲ್ಲ.

ಹುಬ್ಬಳ್ಳಿಯಿಂದ:

ನಮ್ಮದರಲ್ಲೂ ಹಾಗೇ ಬರೆಸಿದ್ದರು ಅಕ್ಕಾ. ಕೈ ಬಿಡಬೇಡಿ. 108ರಲ್ಲಿ ಕರೆದೊಯ್ದಿದ್ದರೆ ಎಲ್ಲಿಂದ ಹತ್ತಿಸಿಕೊಂಡರು ಅನ್ನುವುದು ಅವರ ದಾಖಲೆಯಲ್ಲಿರುತ್ತದೆ, ಅದನ್ನು ತರಿಸಿ. ಮೇಸ್ತ್ರಿ ಫೋನ್‌ಪೇಯಲ್ಲಿ ಬಟವಾಡೆ ಹಾಕುತ್ತಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ. ಕೆಲಸಕ್ಕಿದ್ದದ್ದಕ್ಕೂ ಸಂಬಳಕ್ಕೂ ಅದೇ ಸಾಕ್ಷಿ. ಅವತ್ತು ಜೊತೆಗಿದ್ದ ಹುಡುಗರು ಬೇರೆ ಸೈಟಿಗೆ ಹೋಗುವ ಮೊದಲು ಅವರ ಹೆಸರು, ಊರು, ನಂಬರ್ ಬರೆದಿಟ್ಟುಕೊಳ್ಳಿ. ಈ ವಾರವೇ.