ಏಳು ಪಟ, ಎರಡು ಕೋಣೆ: ಯಾವುದನ್ನು ಎಲ್ಲಿ ಹಾಕಲಿ?

ಕೋಡಿಬಾಗದವಳು:

ಸಿರ್ಸಿ ಬದಿಯ ನಮ್ಮ ಹಳೆಮನೆ ಹಿಸೆಯಾಯ್ತು. ಹಂಡೆ, ಕಡಾಯಿ, ಬೀಟೆ ಮಂಚ ಎಲ್ಲ ಅವರವರ ಪಾಲಿಗೆ ಹೋದವು. ಮೆತ್ತಿನ ಮೇಲೆ ಗೋಣಿಯಲ್ಲಿ ಸುತ್ತಿಟ್ಟಿದ್ದ ಏಳು ಪಟ ಯಾರಿಗೂ ಬೇಡವಾಗಿ ನನಗೆ ಬಂದವು. ಈಗ ಕಾರವಾರದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಮಂಚದ ಕೆಳಗಿವೆ.

ಒಳ್ಳೆಯದು ಅನ್ನಿಸೋದು ಮೂರು. ಒಂದು ಲಕ್ಷ್ಮಿ, ಸೀರೆಯ ಮೇಲೆ ಯಾರೋ ನಿಜವಾದ ಜರಿ, ಚಮಕಿ ಅಂಟಿಸಿದ್ದಾರೆ. ಅಂಚಿನಲ್ಲಿ ರವಿವರ್ಮ ಪ್ರೆಸ್, ಮಾಳವ್ಲಿ ಎಂದು ಇಂಗ್ಲಿಷಿನಲ್ಲಿದೆ. (ಮಂಡ್ಯದ ಮಳವಳ್ಳಿಯಾ?) ಎರಡನೆಯದು ಅಡಿಕೆ ಮಂಡಿಯ ಕ್ಯಾಲೆಂಡರಿಗೆ ಕಟ್ಟು ಹಾಕಿಸಿದ ಯಶೋದಾ-ಕೃಷ್ಣ. ಕೃಷ್ಣ ನೀಲಿ ಸರಿ, ಯಶೋದೆಯೂ ಅಷ್ಟೇ ನೀಲಿ, ಬೆಣ್ಣೆಯೂ ನೀಲಿ. ಮೂರನೆಯದು ಅಜ್ಜನ ಮದುವೆಯ ಫೋಟೋ, ಗಾಜಿಗೆ ಕಚ್ಚಿಕೊಂಡಿದೆ. ಉಳಿದ ನಾಲ್ಕರಲ್ಲಿ ಎರಡು ದೇವರ ಪಟ, ಎರಡು ಯಾರ ಫೋಟೋ ಎಂದು ಆಯಿಗೂ ಗೊತ್ತಿಲ್ಲ.

ಪೇಟೆಯ ಒಬ್ಬ ಕಟ್ಟು ಹಾಕುವವರು ‘ಲ್ಯಾಮಿನೇಶನ್ ಮಾಡಿ ಫೈಬರ್ ಫ್ರೇಮ್ ಹಾಕಿದ್ರೆ ಹೊಸದರ ಹಾಗೆ ಆಗ್ತದೆ’ ಅಂದರು. ನಮ್ಮನೆಯವರಿಗೆ ಏಳೂ ಸೋಫಾದ ಮೇಲೆ ಸಾಲಾಗಿ ಬೇಕು. ಅತ್ತೆಗೆ ಸೋಫಾದ ಹಿಂದೆ ದೇವರು ಬೇಡ. ಆ ಗೋಡೆಯೋ ಸಮುದ್ರದ ದಿಕ್ಕಿನದು, ಎರಡೇ ಮಳೆಗಾಲಕ್ಕೆ ಬಣ್ಣ ಹಪ್ಪಳದ ಹಾಗೆ ಎದ್ದಿದೆ. ಏನು ಮಾಡಲಿ?

ಕುಮಟೆಯಿಂದ:

ಎತ್ತರದ ಬಗ್ಗೆ ಮಾತ್ರ ಹೇಳ್ತೇನೆ. ಪಟದ ನಡುಭಾಗ ನೆಲದಿಂದ 145–150 ಸೆಂ.ಮೀ. ಇದ್ದರೆ ನಿಂತವರ ಕಣ್ಣಿಗೆ ಸರಿ. ಮೊದಲು ಪಟದ ಅಳತೆಗೆ ಹಳೆ ಪೇಪರ್ ಕತ್ತರಿಸಿ ಟೇಪಿನಲ್ಲಿ ಅಂಟಿಸಿ, ನಾಲ್ಕು ದಿನ ಓಡಾಡಿ ನೋಡಿ. ಮೊಳೆ ಆಮೇಲೆ.

ಸಿರ್ಸಿಯ ಹಳೆ ಸಾಮಾನಿನವ:

ತಂಗೀ, ಲ್ಯಾಮಿನೇಶನ್ ಮಾತ್ರ ಮಾಡಿಸಬೇಡ. ಒಮ್ಮೆ ಬಿಸಿ ಪ್ಲಾಸ್ಟಿಕ್ ಕೂತರೆ ಬಿಡಿಸಲಿಕ್ಕೆ ಆಗೋದಿಲ್ಲ. ನನ್ನ ಹತ್ತಿರವೂ ಒಂದು ಸರಸ್ವತಿ ಇತ್ತು. ಫ್ರೇಮಿಗೆ ಕೂರಲಿಲ್ಲ ಅಂತ ಕಟ್ಟು ಹಾಕುವವ ಕೆಳಗಿನ ಬಿಳಿ ಅಂಚನ್ನು ಎರಡು ಬೆರಳು ಕತ್ತರಿಸಿ ಎಸೆದ. ಪ್ರೆಸ್ಸಿನ ಹೆಸರು ಇದ್ದದ್ದೇ ಅಲ್ಲಿ. ನಾನು ಪಕ್ಕದಲ್ಲೇ ಚಾ ಕುಡೀತಾ ಕೂತಿದ್ದೆ!

ನಿನ್ನ ಮಾಳವ್ಲಿ ಮಂಡ್ಯದ್ದಲ್ಲ, ಲೋಣಾವಳದ ಹತ್ತಿರದ್ದು. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿದ, ಅದು ಆಮೇಲೆ ಅಲ್ಲಿಗೆ ಹೋಯ್ತು. ಕೊನೆಗೆ ಜರ್ಮನಿಯ ಮುದ್ರಣ ತಂತ್ರಜ್ಞ ಶ್ಲೈಷರ್‌ಗೆ ಮಾರಿದ. ರವಿವರ್ಮ 1906ರಲ್ಲಿ ತೀರಿಕೊಂಡ ಮೇಲೂ ಅದೇ ಹೆಸರಲ್ಲಿ ಅಚ್ಚು ಹಾಕ್ತಾ ಇದ್ದರು. ಹಾಗಾಗಿ ಹೆಸರು ಕಂಡ ಕೂಡಲೇ ಲಕ್ಷಗಟ್ಟಲೆ ಲೆಕ್ಕ ಹಾಕಬೇಡ. ಭೂತಗನ್ನಡಿ ಹಿಡಿದು ಲಕ್ಷ್ಮಿಯ ಕೆನ್ನೆ ನೋಡು. ಕಲ್ಲಚ್ಚಾದರೆ, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಒತ್ತಿದ್ದಾದರೆ, ಬಣ್ಣಕ್ಕೊಂದು ಕಲ್ಲು. ಚುಕ್ಕೆಗಳು ಮರಳು ಚೆಲ್ಲಿದ ಹಾಗೆ ಅಡ್ಡಾದಿಡ್ಡಿ ಇರ್ತವೆ. ಈಚಿನ ಆಫ್‌ಸೆಟ್ ನಕಲಾದರೆ ಒಂದೇ ಅಂತರದ ಚುಕ್ಕೆಗಳು, ಸಣ್ಣ ಹೂವಿನ ಹಾಗೆ ಸಾಲುಸಾಲು.

ಯಶೋದೆ ನೀಲಿಯಾದದ್ದು ಬಿಸಿಲಿಗೆ. ಹಳದಿ, ಕೆಂಪು ಶಾಯಿ ಮೊದಲು ಹೋಗ್ತದೆ, ನೀಲಿ ಉಳೀತದೆ. ಹೋದ ಬಣ್ಣ ಬರೋದಿಲ್ಲ. ನನಗಂತೂ ಆ ನೀಲಿಯೇ ಚಂದ. ಕಿಟಕಿಯ ಎದುರಿನ ಗೋಡೆಗೆ ಮಾತ್ರ ಬೇಡ.

ಸಮುದ್ರದ ಬದಿಯ ಗೋಡೆಗೆ ಏನೂ ಹಾಕಬೇಡ, ಗಡಿಯಾರ ಬೇಕಾದರೆ ಹಾಕು. ಎರಡು ಕೋಣೆಯ ನಡುವಿನ ಒಳಗೋಡೆ ಆರಿಸು. ಹಳೆಮನೆಯಲ್ಲಿ ಪಟಗಳು ಜಂತಿಯ ಹತ್ತಿರ, ಮುಂದಕ್ಕೆ ಬಾಗಿಕೊಂಡು ಇರ್ತಿದ್ದವು, ನೆನಪುಂಟಾ? ಚಾಪೆ ಮೇಲೆ ಕೂತವರಿಗೆ ಕಾಣಲಿ ಅಂತ ಇರಬೇಕು, ಆದರೆ ಅದರಿಂದ ಹಿಂದೆ ಗಾಳಿಯೂ ಆಡ್ತಿತ್ತು. ನೀನು ಫ್ರೇಮಿನ ಕೆಳಮೂಲೆಗಳಿಗೆ ಬಾಟಲಿ ಬಿರಡೆಯ ಎರಡು ಚೂರು ಅಂಟಿಸು, ಸಾಕು. ಹಿಂದಿನ ಪ್ಲೈವುಡ್ ತೆಗೆಸಿ ಆಸಿಡ್ ಇಲ್ಲದ ಬೋರ್ಡ್ ಹಾಕಿಸು. ಚಮಕಿಗೆ ಗಾಜು ತಾಗದ ಹಾಗೆ ಸುತ್ತ ದಪ್ಪ ರಟ್ಟಿನ ಮೌಂಟ್ ಕೊಡಿಸು. ಮರದ ಕಟ್ಟು ಗಟ್ಟಿ ಇದ್ದರೆ ಅದೇ ಇರಲಿ.

ಅಜ್ಜನ ಫೋಟೋ ಎಳೆದು ಬಿಡಿಸಲಿಕ್ಕೆ ಹೋಗಬೇಡ, ಮುಖ ಗಾಜಿನ ಜೊತೆ ಬರ್ತದೆ. ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿಸಿ ಪ್ರತಿಯನ್ನು ಗೋಡೆಗೆ ಹಾಕು.

ಅಂಕೋಲೆಯವಳು:

ಗೋಡೆ ಬಿಳಿ ಇಡಬೇಡಿ ಅಕ್ಕಾ. ನಮ್ಮ ಕಡೆಯ ಹಳೆ ದೇವಸ್ಥಾನಗಳ ಕಾವಿ ಚಿತ್ರ ನೋಡಿದ್ದೀರಲ್ಲ, ಸುಣ್ಣದ ಮೇಲೆ ಕೆಮ್ಮಣ್ಣಿನ ಕೆಂಪು? ಆ ಒಳಗೋಡೆಗೆ ಅದೇ ಬಣ್ಣ ಬಳಿದು ಲಕ್ಷ್ಮಿಯನ್ನು ಒಂಟಿಯಾಗಿ ಹಾಕಿ. ಹಳೆ ಜರಿ ಕೆಂಪಿನ ಮೇಲೆ ಏಳ್ತದೆ. ಏಳನ್ನೂ ಸಾಲಾಗಿ ಹಾಕಿದರೆ ಫೋಟೋ ಅಂಗಡಿ. ಗುರುತಿಲ್ಲದ ಇಬ್ಬರನ್ನು ನೋಡ್ತಾ ದಿನಾ ಊಟ ಮಾಡ್ಲಿಕ್ಕೆ ಆಗ್ತದಾ?

ಕೋಡಿಬಾಗದವಳು:

ತಿಂಗಳಾಯ್ತು, ಹೇಳಿ ಹೋಗೋಣ ಅಂತ ಬಂದೆ. ಕೆನ್ನೆಯ ಚುಕ್ಕೆ ಮರಳಿನ ಹಾಗೇ ಇದೆ! ಕಟ್ಟು ಬಿಚ್ಚಿಸುವಾಗ ಪಕ್ಕದಲ್ಲೇ ನಿಂತಿದ್ದೆ, ಚಾ ಕುಡಿಯಲಿಲ್ಲ. ಹಿಂದೆ ಹಲಗೆಯ ಬದಲು ಹಳೆ ಪಂಚಾಂಗದ ಹಾಳೆ ಮಡಿಸಿ ಇಟ್ಟಿದ್ದರು, ಒಂದು ಮೂಲೆಯನ್ನು ಹುಳ ಜರಡಿಯ ಹಾಗೆ ತಿಂದಿತ್ತು.

ಲಕ್ಷ್ಮಿ ಈಗ ಒಳಗೋಡೆಯ ಕೆಮ್ಮಣ್ಣು ಬಣ್ಣದ ಮೇಲೆ, ಒಬ್ಬಳೇ. ನೀಲಿ ಯಶೋದೆ ಊಟದ ಮೇಜಿನ ಹತ್ತಿರ, ಬಿಸಿಲು ಬಾರದ ಕಡೆ. ಅಜ್ಜನ ಪ್ರತಿ ಮಲಗುವ ಕೋಣೆಗೆ. ಉಳಿದ ನಾಲ್ಕನ್ನು ಹಳೆ ಹತ್ತಿ ಪಂಚೆಯಲ್ಲಿ ಸುತ್ತಿ ಕಪಾಟಿಗೆ ಸೇರಿಸಿದೆ. ಸೋಫಾದ ಮೇಲೆ ಗಡಿಯಾರ.

ಈಗ ಹೊಸ ತಾಪತ್ರಯ. ಸೋಫಾದ ಹಿಂದೆ ದೇವರು ಬೇಡ ಅಂದಿದ್ದ ಅತ್ತೆ ಪ್ರತಿ ಶುಕ್ರವಾರ ಲಕ್ಷ್ಮಿಯ ಗಾಜಿಗೆ ಕುಂಕುಮ ಹಚ್ಚಿ ಮೊಳೆಗೆ ಅಬ್ಬಲಿಗೆ ಮಾಲೆ ಹಾಕ್ತಾರೆ. ನೀರು ಕಟ್ಟಿನೊಳಗೆ ಇಳೀತದೆ. ಬೇಡ ಅನ್ನೋದು ಹೇಗೆ?

ಸಿರ್ಸಿಯ ಹಳೆ ಸಾಮಾನಿನವ:

ಬೇಡ ಅನ್ನಬೇಡ. ಪಟದ ಕೆಳಗೆ, ಒಂದು ಗೇಣು ಬಿಟ್ಟು, ಸಣ್ಣ ಹಲಗೆ ಹೊಡೆಸಿ ಮೇಲೆ ಹಿತ್ತಾಳೆ ತಟ್ಟೆ ಇಡು. ಹೂವು ಅಲ್ಲಿ. ಕುಂಕುಮ ಗಾಜಿನ ಮೇಲೇ ಇರಲಿ, ಒಣ ಬಟ್ಟೆಯಲ್ಲಿ ಒರೆಸಿದರೆ ಹೋಗ್ತದೆ. ಎಣ್ಣೆ ದೀಪ ಮಾತ್ರ ಆ ಹಲಗೆಗೆ ಬಾರದ ಹಾಗೆ ನೋಡಿಕೋ.