ಮಾದಾಪುರದ ಟಿಪ್ಪಣಿ, ಮೈಸೂರಿನ ಕೋಪ

ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಹೆಸರಿಗಿಂತ ಊರೇ ಗುರುತು. ಭಾನುವಾರ ವಿಡಿಯೋ ಗೇಮ್‌ಗಳ ಬಗ್ಗೆ ನಡೆದ ಈ ಜಗಳದಿಂದ ಶುಭೋದಯದ ಹೂವಿನ ಚಿತ್ರಗಳನ್ನೂ ಕೈಮುಗಿದ ಗುರುತುಗಳನ್ನೂ ತೆಗೆದು ಉಳಿದದ್ದನ್ನು ಇಲ್ಲಿ ಕೊಟ್ಟಿದ್ದೇನೆ.

ಮಾದಾಪುರ: ಈ ಆಷಾಢ, ಶ್ರಾವಣಗಳಲ್ಲಿ ತೋಟಕ್ಕೆ ಇಳಿಯುವಂತಿರಲಿಲ್ಲ. ಬೆಂಗಳೂರು ಬಿಡುವಾಗ ಹೊತ್ತು ತಂದ ಕಂಪ್ಯೂಟರಿನ ಧೂಳು ಒರೆಸಿ ಒಂದಷ್ಟು ವಿಡಿಯೋ ಗೇಮ್ ಆಡಿದೆ. ಯಾವುದು ಹೇಗಿದೆ ಎಂದು ಅತ್ತಿಗೆ ಕೇಳಿದ್ದರು, ಎಲ್ಲರಿಗೂ ಇರಲಿ ಎಂದು ಇಲ್ಲೇ ಬರೆಯುತ್ತಿದ್ದೇನೆ. ನನ್ನ ಅಳತೆಗೋಲು ಒಂದೇ. ಆಟದ ನಡುವೆ ಎದ್ದು ಹೋಗಬೇಕಾಗಿ ಬಂದರೆ ಅದು ನನ್ನನ್ನು ಹೇಗೆ ಕಳುಹಿಸಿಕೊಡುತ್ತದೆ? ಕರೆಂಟು ಹೋಗುತ್ತದೆ, ತೋಟದ ಲೆಕ್ಕ ನೋಡುವ ರೈಟರ್ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ, ಅಮ್ಮ ಒಳಗಿನಿಂದ ಕರೆಯುತ್ತಾರೆ.

ಸ್ಟಾರ್‌ಡ್ಯೂ ವ್ಯಾಲಿ: ಎರಿಕ್ ಬರೋನ್ ಎಂಬಾತ ಒಬ್ಬನೇ ಕುಳಿತು ಚಿತ್ರ, ಸಂಗೀತ, ಕತೆ ಎಲ್ಲವನ್ನೂ ಮಾಡಿ 2016ರಲ್ಲಿ ಹೊರತಂದ ಬೇಸಾಯದ ಆಟ. ನಗರದ ಕಚೇರಿ ಬಿಟ್ಟು ತಾತನ ಪಾಳು ಜಮೀನಿಗೆ ಮರಳುವವನ ಕತೆ. ನನ್ನನ್ನು ಕೇಳಿಯೇ ಮಾಡಿದಂತಿದೆ. ಈ ಮಳೆಗಾಲದಲ್ಲಿ ಹೆಚ್ಚು ಹೊತ್ತು ಕಳೆದದ್ದು ಇಲ್ಲೇ.

ಹೇಡೀಸ್: ಪಾತಾಳದ ಒಡೆಯನ ಮಗ ಅಪ್ಪನ ಮನೆ ಬಿಟ್ಟು ಓಡಿಹೋಗಲು ಹೊರಡುತ್ತಾನೆ, ಸಾಯುತ್ತಾನೆ, ಮತ್ತೆ ಅಪ್ಪನ ಹಜಾರದಲ್ಲೇ ಎದ್ದು ನಿಲ್ಲುತ್ತಾನೆ. ಸತ್ತಷ್ಟೂ ಕತೆ ಮುಂದುವರಿಯುತ್ತದೆ. ಒಂದು ಸುತ್ತು ಅರ್ಧ ಗಂಟೆಯ ಆಸುಪಾಸು. ಬಹಳ ಒಳ್ಳೆಯ ಆಟ.

ಫೈರ್‌ವಾಚ್: ಅಮೆರಿಕದ ವಯೋಮಿಂಗ್ ಕಾಡಿನಲ್ಲಿ 1989ರ ಬೇಸಿಗೆ. ಕಾಡ್ಗಿಚ್ಚು ಕಾಯುವ ಗೋಪುರದಲ್ಲಿ ಒಬ್ಬ, ವಾಕಿ-ಟಾಕಿಯಲ್ಲಿ ದೂರದ ಇನ್ನೊಂದು ಗೋಪುರದವಳ ದನಿ. ಮಾತು ಅದ್ಭುತ, ಕೊನೆ ಸಪ್ಪೆ. ಅಷ್ಟು ಹೊತ್ತು ಕಾದರೂ ಆಕೆಯ ಮುಖವನ್ನೇ ತೋರಿಸುವುದಿಲ್ಲ.

ವೆನ್ಬಾ: ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ಕುಟುಂಬದ ಅಡುಗೆಮನೆ. ಚೆನ್ನಾಗಿದೆ, ಆದರೆ ಕುಕ್ಕರ್ ಕೂಗುವಷ್ಟರಲ್ಲಿ ಮುಗಿಯಿತು.

ಎಲ್ಡನ್ ರಿಂಗ್: ಕಷ್ಟದ ಕಾಳಗಗಳ ಆಟ. ಕೈಬಿಟ್ಟೆ. ಸುಂದರವಾದ ಜಗತ್ತು, ಆದರೆ ಆಡುವವನಿಗೆ ಬೇರೆ ಬದುಕೇ ಇಲ್ಲ ಎಂದು ತಿಳಿದುಕೊಂಡಿದೆ.

ಬೆಂಗಳೂರು: ಧನ್ಯವಾದ. ಆದರೆ ಫೈರ್‌ವಾಚ್‌ನ ಕೊನೆಯನ್ನು ಹೀಗೆ ಬೀದಿಗೆ ಎಸೆಯುವುದೇ? ನಾನು ಇನ್ನೂ ಅರ್ಧದಲ್ಲಿದ್ದೇನೆ.

ಮಾದಾಪುರ: ಕ್ಷಮಿಸಿ ಅತ್ತಿಗೆ. 2016ರ ಆಟವಲ್ಲವೇ, ಇಷ್ಟರಲ್ಲಿ ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡೆ.

ಬೆಂಗಳೂರು: ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು.

ಮೈಸೂರು: ಮಾವ, ಎಲ್ಡನ್ ರಿಂಗ್ ಎಷ್ಟು ದೂರ ಆಡಿದಿರಿ?

ಮಾದಾಪುರ: ಮಾರ್ಗಿಟ್ ತನಕ. ಕೋಟೆಯ ದಾರಿಯಲ್ಲಿ ಕೋಲು ಹಿಡಿದು ನಿಂತಿರುತ್ತಾನಲ್ಲ, ಅವನೇ.

ಮೈಸೂರು: ಅಂದರೆ ಹೆಬ್ಬಾಗಿಲಿನಲ್ಲೇ ನಿಂತು ಮನೆ ಚೆನ್ನಾಗಿಲ್ಲ ಎಂದು ಬರೆದಿದ್ದೀರಿ. ಮುಗಿಸದ ಆಟದ ಬಗ್ಗೆ ಇಡೀ ಬಳಗಕ್ಕೆ ತೀರ್ಪು ಹೇಳುವುದು ಸರಿಯಲ್ಲ.

ಕುಶಾಲನಗರ: ಮಾವನ ಜೊತೆ ಮಾತನಾಡುವ ರೀತಿಯೇ ಇದು?

ಮಾದಾಪುರ: ಇರಲಿ ಬಿಡು ಅಕ್ಕ, ಕೇಳಿದ್ದು ನ್ಯಾಯವಾಗಿಯೇ ಇದೆ. ಆದರೆ ನೋಡು ಅಳಿಯ, ಮುಗಿಸಿದವರು ಮಾತ್ರ ಮಾತನಾಡಬೇಕು ಎಂದರೆ ಆ ಆಟದ ಬಗ್ಗೆ ಹೊಗಳಿಕೆ ಮಾತ್ರವೇ ಉಳಿಯುತ್ತದೆ. ಬೇಸತ್ತವರೆಲ್ಲ ದಾರಿಯಲ್ಲೇ ಉದುರಿ ಹೋಗಿರುತ್ತಾರೆ. ಬಿಟ್ಟವನಿಗೂ ಯಾಕೆ ಬಿಟ್ಟೆ ಎಂದು ಹೇಳುವ ಹಕ್ಕಿದೆ.

ಮೈಸೂರು: ಯಾಕೆ ಬಿಟ್ಟೆ ಎಂದು ಹೇಳಿ, ಒಪ್ಪುತ್ತೇನೆ. ಆಟ ಹೀಗಿದೆ ಎಂದು ಹೇಳಬೇಡಿ. ಮಾರ್ಗಿಟ್ ಸೋಲಿಸದಿದ್ದರೆ ಬೇರೆ ದಾರಿಯಿಲ್ಲ ಎಂದು ನಿಮಗೆ ಯಾರು ಹೇಳಿದರು? ಬೆನ್ನು ತಿರುಗಿಸಿ ದಕ್ಷಿಣಕ್ಕೆ ಹೋಗಿ. ವೀಪಿಂಗ್ ಪೆನಿನ್ಸುಲಾ ಎಂದು ಒಂದು ಇಡೀ ಸೀಮೆಯೇ ಇದೆ. ಸುತ್ತಾಡಿ, ಬಲ ಹೆಚ್ಚಿಸಿಕೊಂಡು, ಸಹಾಯಕ್ಕೆ ಆತ್ಮಗಳನ್ನು ಕರೆಯುವ ಗಂಟೆ ಪಡೆದು ಬನ್ನಿ. ಅದೇ ಮಾರ್ಗಿಟ್ ಆಗ ಬೇರೆಯೇ ಆಗಿ ಕಾಣುತ್ತಾನೆ. ಸುಲಭ, ಕಷ್ಟ ಎಂಬ ಆಯ್ಕೆ ಮೆನುವಿನಲ್ಲಿಲ್ಲ, ನೆಲದ ಮೇಲಿದೆ. ನಿರ್ದೇಶಕ ಮಿಯಾಜಾಕಿ ಮಾಡಿರುವ ಜಾಣತನವೇ ಅದು.

ಮಾದಾಪುರ: ಅದನ್ನು ಆಟ ನನಗೆ ಹೇಳಬೇಕಿತ್ತು. ದಾರಿಯ ಬೆಳಕು ನೇರವಾಗಿ ಅವನ ಕಡೆಗೇ ತೋರಿಸುತ್ತದೆ.

ಮೈಸೂರು: ಬೆಳಕು ಮುಂದಿನ ಗುರಿಯನ್ನು ತೋರಿಸುತ್ತದೆ, ಈಗಲೇ ಹೋಗು ಎನ್ನುವುದಿಲ್ಲ.

ಸುಂಟಿಕೊಪ್ಪ: ಗಮನಿಸಿ!! ಕೇಂದ್ರ ಸರ್ಕಾರ ಎಲ್ಲ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಮೊಬೈಲಿನಲ್ಲಿ ಆಟ ಕಂಡರೆ ದಂಡ. ಎಲ್ಲ ಗುಂಪುಗಳಿಗೂ ಕಳುಹಿಸಿ.

ಬೆಂಗಳೂರು: ಇದು ತಪ್ಪು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ನಿಷೇಧಿಸಿರುವುದು ಹಣ ಕಟ್ಟಿ ಗೆಲ್ಲುವ ಆಟಗಳನ್ನು. ಆನ್‌ಲೈನ್ ರಮ್ಮಿಯಂಥವು. ಅದೇ ಕಾಯ್ದೆ ಇ-ಕ್ರೀಡೆಗೆ ಮಾನ್ಯತೆಯನ್ನೂ ಕೊಟ್ಟಿದೆ. ಇಲ್ಲಿ ಚರ್ಚೆಯಾಗುತ್ತಿರುವ ಯಾವ ಆಟಕ್ಕೂ ಅದು ಅನ್ವಯಿಸುವುದಿಲ್ಲ.

ಸುಂಟಿಕೊಪ್ಪ: ಬಂದದ್ದನ್ನು ಕಳುಹಿಸಿದೆ ಅಷ್ಟೇ.

ಕುಶಾಲನಗರ: ವಿಶ್ವ ಆರೋಗ್ಯ ಸಂಸ್ಥೆಯೇ ಇದನ್ನು ಕಾಯಿಲೆ ಎಂದಿದೆ. ಅದಾದರೂ ನಿಜ ತಾನೆ? ನಮ್ಮ ಶಾಲೆಯಲ್ಲಿ ಬೆಳಿಗ್ಗೆ ಮೊದಲ ಪಾಠಕ್ಕೇ ತೂಕಡಿಸುವ ಮಕ್ಕಳನ್ನು ಬಂದು ನೋಡಿ.

ಬೆಂಗಳೂರು: ಅರ್ಧ ನಿಜ. 2019ರಲ್ಲಿ ಒಪ್ಪಿ 2022ರಿಂದ ಜಾರಿಗೆ ಬಂದ ಕಾಯಿಲೆಗಳ ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಇದೆ. ಆದರೆ ಆಡುವುದೆಲ್ಲ ಕಾಯಿಲೆಯಲ್ಲ. ಹಿಡಿತ ತಪ್ಪಿ, ಬೇರೆಲ್ಲ ಕೆಲಸ ಹಿಂದೆ ಬಿದ್ದು, ಕೆಡುಕಾಗುತ್ತಿದೆ ಎಂದು ಗೊತ್ತಿದ್ದೂ ಬಿಡಲಾಗದ ಸ್ಥಿತಿ ಸಾಮಾನ್ಯವಾಗಿ ಒಂದು ವರ್ಷವಾದರೂ ಇದ್ದರೆ ಆಗ ಆ ಹೆಸರು. ನಿಮ್ಮ ತಮ್ಮ ಮಾರ್ಗಿಟ್‌ನನ್ನೇ ಬಿಟ್ಟು ಬಂದಿದ್ದಾನೆ, ಅವನಿಗೆ ಆ ಭಯವಿಲ್ಲ.

ಶಾಂತಳ್ಳಿ: ಬೇಸಾಯದ ಆಟ ಎಂದೆಯಲ್ಲ, ಅದರಲ್ಲಿ ಕಾಫಿ ಇದೆಯೇ?

ಮಾದಾಪುರ: ಇದೆ ಚಿಕ್ಕಪ್ಪ.

ಶಾಂತಳ್ಳಿ: ಅರೇಬಿಕಾವೋ ರೋಬಸ್ಟಾವೋ?

ಮಾದಾಪುರ: ಬರೀ ಕಾಫಿ. ಬೀಜ ಹಾಕಿದ ಹತ್ತು ದಿನಕ್ಕೆ ಫಸಲು. ಆಮೇಲೆ ಎರಡು ದಿನಕ್ಕೊಮ್ಮೆ ಕೊಯ್ಯಬಹುದು.

ಶಾಂತಳ್ಳಿ: ಹತ್ತು ದಿನ?

ಮಾದಾಪುರ: ಅಲ್ಲಿ ಒಂದು ಋತುವಿಗೇ 28 ದಿನ ಚಿಕ್ಕಪ್ಪ. ವಸಂತ ಮತ್ತು ಬೇಸಿಗೆ ಎರಡರಲ್ಲೂ ನಿಲ್ಲುತ್ತದೆ. ಐದು ಬೀಜವನ್ನು ಒಂದು ಪೀಪಾಯಿಗೆ ಹಾಕಿದರೆ ಆಟದ ಲೆಕ್ಕದಲ್ಲಿ ಎರಡು ಗಂಟೆಗೆ ಒಂದು ಲೋಟ ಕಾಫಿ ಸಿದ್ಧ.

ಶಾಂತಳ್ಳಿ: ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಇಲ್ಲ, ಒಣಗಿಸುವ ಕಣವಿಲ್ಲ, ಹುರಿಯುವುದಿಲ್ಲ, ಪುಡಿ ಮಾಡುವುದಿಲ್ಲ. ಗಿಡ ನೆಟ್ಟರೆ ನಮ್ಮಲ್ಲಿ ಮೊದಲ ಕಾಯಿ ನೋಡಲು ಮೂರು ನಾಲ್ಕು ವರ್ಷ ಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಹೂ ಅರಳಿಸುವ ಮಳೆ ಕೈಕೊಟ್ಟರೆ ಆ ವರ್ಷ ಮುಗಿದಂತೆಯೇ. ನೆರಳು ಮರದ ಕೊಂಬೆ ಸವರುವುದಿದೆಯೇ? ಕಾಂಡಕೊರಕ ಇದೆಯೇ?

ಮಾದಾಪುರ: ನೆರಳೇ ಬೇಡ. ಕೀಟವೂ ಇಲ್ಲ. ಕಾಗೆ ಬಂದು ಬೆಳೆ ತಿನ್ನುತ್ತದೆ, ಒಂದು ಬೆದರುಬೊಂಬೆ ನಿಲ್ಲಿಸಿದರೆ ಸುತ್ತಲಿನ ಜಾಗಕ್ಕೆ ಸಂಪೂರ್ಣ ರಕ್ಷಣೆ.

ಶಾಂತಳ್ಳಿ: ಆ ಬೊಂಬೆ ಎಲ್ಲಿ ಸಿಗುತ್ತದೆ ಕೇಳಿ ಹೇಳು. ಮೊನ್ನೆ ರಾತ್ರಿ ಆನೆ ಬಂದು ಬಾಳೆಯನ್ನೆಲ್ಲ ಮಲಗಿಸಿ ಹೋಗಿದೆ. ಇಷ್ಟು ಸುಳ್ಳು ಹೇಳುವ ಆಟಕ್ಕೆ ನೀನು ಮೊದಲ ಸ್ಥಾನ ಕೊಟ್ಟಿದ್ದೀಯ.

ಮಾದಾಪುರ: ಸುಳ್ಳು ಎನ್ನುವುದಾದರೆ ಅದಕ್ಕೇ ಕೊಟ್ಟೆ ಚಿಕ್ಕಪ್ಪ. ಹಗಲೆಲ್ಲ ನಿಜವಾದ ತೋಟ ಇದೆಯಲ್ಲ. ಸಂಜೆ, ನೆಟ್ಟದ್ದೆಲ್ಲ ಬರುವ ಒಂದು ಜಾಗ ಬೇಕಾಗುತ್ತದೆ.

ಮೈಸೂರು: ಈಗ ನನ್ನ ಸರದಿ. ಮಾವ, ನಿಮ್ಮ ಅಳತೆಗೋಲು ಕರೆಂಟು ಅಲ್ಲವೇ? ಸ್ಟಾರ್‌ಡ್ಯೂ ಯಾವಾಗ ಸೇವ್ ಆಗುತ್ತದೆ, ಹೇಳಿ.

ಮಾದಾಪುರ: ರಾತ್ರಿ ಮಲಗಿದಾಗ.

ಮೈಸೂರು: ಅಂದರೆ ನಡು ಮಧ್ಯಾಹ್ನ ಕರೆಂಟು ಹೋದರೆ ಬೆಳಿಗ್ಗೆಯಿಂದ ನೀರು ಹಾಕಿದ್ದು, ಗಣಿಗೆ ಇಳಿದದ್ದು, ಮೀನು ಹಿಡಿದದ್ದು ಎಲ್ಲವೂ ಹೋಯಿತು. ಎಲ್ಡನ್ ರಿಂಗ್ ಆಡುತ್ತಿರುವಾಗಲೇ ತಾನಾಗಿ ಸೇವ್ ಮಾಡಿಕೊಳ್ಳುತ್ತಾ ಹೋಗುತ್ತದೆ. ನಿಲ್ಲಿಸಿ ಎದ್ದು ಹೋದರೂ ನಾಳೆ ಬಂದಾಗ ಅದೇ ಬಂಡೆಯ ಪಕ್ಕದಲ್ಲೇ ನಿಂತಿರುತ್ತೀರಿ. ನಿಮ್ಮದೇ ಅಳತೆಗೋಲಿನಲ್ಲಿ ನಿಮ್ಮ ಮೆಚ್ಚಿನ ಆಟ ಕೊನೆಯಲ್ಲಿದೆ, ನೀವು ಬಿಸಾಡಿದ್ದು ಮೊದಲಲ್ಲಿದೆ.

ಸುಂಟಿಕೊಪ್ಪ: ಭಾವ, ಇದಕ್ಕೆ ಉತ್ತರ ಬೇಕು. ನಾವು ಕಾಯುತ್ತಿದ್ದೇವೆ.

ಮಾದಾಪುರ: ಕರೆಂಟಿನ ಲೆಕ್ಕದಲ್ಲಿ ಅವನು ಹೇಳಿದ್ದು ಸರಿ. ಆದರೆ ಯುಪಿಎಸ್ ಇದೆ, ಮಲಗುವಷ್ಟು ಹೊತ್ತು ಸಿಗುತ್ತದೆ. ಬಾಗಿಲಿಗೆ ಯುಪಿಎಸ್ ಇಲ್ಲ. ಎಲ್ಡನ್ ರಿಂಗ್‌ನಲ್ಲಿ ಒಬ್ಬನೇ ಆಡುತ್ತಿದ್ದರೂ ಹೊಡೆದಾಟದ ನಡುವೆ ತಡೆದು ನಿಲ್ಲಿಸುವ ಗುಂಡಿಯೇ ಇಲ್ಲ. ಮೆನು ತೆರೆದರೂ ಹಿಂದೆ ಕೋಲು ಬೀಸುತ್ತಲೇ ಇರುತ್ತಾನೆ. ರೈಟರ್ ಬಂದು ಆಳುಗಳ ಲೆಕ್ಕ ಕೇಳುವಾಗ, ಸ್ವಲ್ಪ ತಾಳಪ್ಪ ಎಂದು ಯಾರಿಗೆ ಹೇಳಲಿ, ಅವನಿಗೋ ಮಾರ್ಗಿಟ್‌ಗೋ? ಸ್ಟಾರ್‌ಡ್ಯೂನಲ್ಲಿ ಮೆನು ತೆರೆದರೆ ಗಡಿಯಾರವೇ ನಿಲ್ಲುತ್ತದೆ.

ಮೈಸೂರು: ಅಷ್ಟು ತುರ್ತಿದ್ದರೆ ಆಟದಿಂದ ಹೊರಬನ್ನಿ.

ಮಾದಾಪುರ: ಅಷ್ಟು ಹೊತ್ತಿಗೆ ಕಾಳಗ ಮೊದಲಿನಿಂದ. ಹೇಡೀಸ್ ನೋಡು. ತಡೆದು ನಿಲ್ಲಿಸಬಹುದು. ಬಿಟ್ಟು ಹೋದರೆ ಅದೇ ಕೋಣೆಯ ಬಾಗಿಲಲ್ಲಿ ಮತ್ತೆ ಶುರು. ಕಷ್ಟವಾದರೆ ಗಾಡ್ ಮೋಡ್ ಎಂದು ಒಂದಿದೆ. ಪೆಟ್ಟಿನ ಬಿರುಸು ಶೇಕಡಾ 20 ಕಡಿಮೆ, ಸತ್ತಾಗಲೆಲ್ಲ ಇನ್ನೂ ಎರಡೆರಡು ಇಳಿಯುತ್ತದೆ, ಶೇಕಡಾ 80ರವರೆಗೆ. ಅದರಿಂದ ಆಟದ ಮರ್ಯಾದೆ ಕಡಿಮೆಯಾಯಿತೇ?

ಮೈಸೂರು: ಹೇಡೀಸ್‌ಗೆ ಅದು ಒಪ್ಪುತ್ತದೆ, ಸಾಯುವುದೇ ಅಲ್ಲಿ ಕತೆ. ಎಲ್ಲ ಆಟವೂ ಹಾಗೇ ಇರಬೇಕೆಂದರೆ ಎಲ್ಲ ಹೋಟೆಲಿನಲ್ಲೂ ಒಂದೇ ಸಾರು ಕೊಟ್ಟಂತೆ. ನಾನು ಮಾರ್ಗಿಟ್‌ನನ್ನು ಸೋಲಿಸಿದ ರಾತ್ರಿ ಹಾಸ್ಟೆಲಿನಲ್ಲಿ ಪಕ್ಕದ ಕೋಣೆಯವರೆಲ್ಲ ಓಡಿ ಬಂದರು, ಏನಾಯಿತು ಎಂದು. ಶೇಕಡಾ 80 ರಿಯಾಯಿತಿಯಲ್ಲಿ ಗೆದ್ದಿದ್ದರೆ ಅಷ್ಟು ಕೂಗುತ್ತಿರಲಿಲ್ಲ.

ಕುಶಾಲನಗರ: ಯಾವ ರಾತ್ರಿ? ಪರೀಕ್ಷೆಗೆ ಮುಂಚೆಯೋ ಆಮೇಲೋ?

ಮೈಸೂರು: ಅಮ್ಮ, ಅದು ಹಳೆಯ ಮಾತು.

ಬೆಂಗಳೂರು: ವೆನ್ಬಾ ಬಗ್ಗೆ ಒಂದು ಸಾಲು ಬರೆದು ದಾಟಿಸಿದ್ದಕ್ಕೆ ನನ್ನ ತಕರಾರಿದೆ. ನನಗೆ ಆ ಪಟ್ಟಿಯಲ್ಲಿ ಅದೇ ದೊಡ್ಡದು. ತಾಯಿ ಬರೆದುಕೊಟ್ಟ ಅಡುಗೆ ಪುಸ್ತಕ ಹರಿದಿದೆ, ಎಣ್ಣೆ ಬಿದ್ದು ಅಕ್ಷರ ಅಳಿಸಿದೆ. ಉಳಿದ ಸಾಲುಗಳಿಂದ ಇಡ್ಲಿಯ ಕ್ರಮವನ್ನು ನಾವೇ ಊಹಿಸಿ ಮಾಡಬೇಕು. ಮಗನಿಗೆ ಇಂಗ್ಲಿಷ್ ಸಲೀಸು, ತಾಯಿಯ ತಮಿಳು ಭಾರ. ಅವನು ತಾಯಿಗೆ ಕಳುಹಿಸುವ ಸಂದೇಶಗಳು ಎಷ್ಟು ಗಿಡ್ಡವಾಗುತ್ತಾ ಹೋಗುತ್ತವೆ ನೋಡಿದಿರಾ? ಒಂದೂವರೆ ಗಂಟೆಗಿಂತ ಹೆಚ್ಚು ಬೇಕಿರಲಿಲ್ಲ. ಉದ್ದವನ್ನು ನೋಡಿ ಬೆಲೆ ಕಟ್ಟುವುದಾದರೆ ಧಾರಾವಾಹಿ ನೋಡಿ.

ಮಾದಾಪುರ: ಗಂಟೆಯ ಲೆಕ್ಕ ಹಾಕಿ ಹೇಳಿದ್ದಲ್ಲ ಅತ್ತಿಗೆ. ಇನ್ನೂ ನಾಲ್ಕು ಅಡುಗೆ ಇದ್ದಿದ್ದರೆ ಎನಿಸಿತು.

ಕುಶಾಲನಗರ: ಇಡ್ಲಿಯ ಆಟ ಮಾಡುತ್ತಾರೆ, ನಮ್ಮ ಅಕ್ಕಿ ತರಿಯ ಕಡಂಬಿಟ್ಟಿನ ಆಟ ಯಾಕಿಲ್ಲ? ತರಿ ಎಷ್ಟಿರಬೇಕು, ನೀರು ಎಷ್ಟು ಎಂದು ಮಕ್ಕಳು ಅದರಲ್ಲಾದರೂ ಕಲಿಯಲಿ. ಈ ಒಂದು ಆಟದ ಹೆಸರನ್ನು ನನಗೆ ಬೇರೆಯಾಗಿ ಕಳುಹಿಸಿ.

ಶಾಂತಳ್ಳಿ: ಕಡಂಬಿಟ್ಟು ಇರಲಿ, ಹಾಕಿ ಇದೆಯೇ?

ಮೈಸೂರು: ಇದೆ ತಾತ, ಐಸ್ ಹಾಕಿ. ಇಎ ಕಂಪನಿಯ ಎನ್‌ಎಚ್‌ಎಲ್ ಸರಣಿ 1991ರಿಂದ ಬರುತ್ತಿದೆ.

ಶಾಂತಳ್ಳಿ: ಮಂಜಿನ ಮೇಲೆ ಜಾರುವವರದ್ದು ಬೇಡ, ಮೈದಾನದ ಹಾಕಿ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದಾಗ 60 ತಂಡ. 2024ರಲ್ಲಿ ನಾಪೋಕ್ಲುವಿಗೆ ನಾನೇ ಹೋಗಿದ್ದೆ, 360 ತಂಡ. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುವುದನ್ನು ಅಲ್ಲಿ ನೋಡಬೇಕು. ಇಂಥ ಊರಿನಲ್ಲಿ ಕುಳಿತು ಪಾತಾಳ ಎನ್ನುತ್ತೀರಿ, ವಯೋಮಿಂಗ್ ಎನ್ನುತ್ತೀರಿ.

ಮೈಸೂರು: ದೊಡ್ಡ ಕಂಪನಿಗಳು ಮಾರುಕಟ್ಟೆ ನೋಡುತ್ತವೆ ತಾತ. ಪುಣೆಯವರು 2020ರಲ್ಲಿ ‘ರಾಜಿ’ ಎಂಬ ಆಟ ಮಾಡಿದರು, ನಮ್ಮ ದೇವರು, ನಮ್ಮ ಕೋಟೆಗಳು ಅದರಲ್ಲಿವೆ. ಹಾಕಿಯನ್ನೂ ಯಾರಾದರೂ ಇಲ್ಲಿನವರೇ ಮಾಡಬೇಕು.

ಶಾಂತಳ್ಳಿ: ಎಂಜಿನಿಯರಿಂಗ್ ಓದುತ್ತಿರುವವನು ನೀನು. ಬೇರೆಯವರತ್ತ ಕೈ ತೋರಿಸುತ್ತೀಯಲ್ಲ.

ಸುಂಟಿಕೊಪ್ಪ: ಗೋಲ್!

ಮಾದಾಪುರ: ಅಳಿಯ, ದಸರಾ ರಜೆಗೆ ಮಾದಾಪುರಕ್ಕೆ ಬಾ. ನಿನ್ನ ದಕ್ಷಿಣದ ಸೀಮೆಯನ್ನು ತೋರಿಸು. ಅದನ್ನು ನೋಡಿದ ಮೇಲೂ ಇಷ್ಟವಾಗದಿದ್ದರೆ ಟಿಪ್ಪಣಿಯ ಒಂದಕ್ಷರವನ್ನೂ ಬದಲಿಸುವುದಿಲ್ಲ.

ಮೈಸೂರು: ಬರುತ್ತೇನೆ. ನಾನು ಪಕ್ಕದಲ್ಲಿ ಕುಳಿತಿರುತ್ತೇನೆ, ಆಡುವವರು ನೀವೇ. ಷರತ್ತು ಒಂದೇ: ನಾನು ಹೇಳುವವರೆಗೆ ಮಾರ್ಗಿಟ್ ಕಡೆ ತಲೆ ಹಾಕಬಾರದು.

ಮಾದಾಪುರ: ಒಪ್ಪಿದೆ. ನನ್ನದೂ ಒಂದು ಷರತ್ತು. ರೈಟರ್ ಬಂದರೆ ನಾನು ಎದ್ದು ಹೋಗುತ್ತೇನೆ. ನಾನು ಮರಳುವವರೆಗೆ ಪೆಟ್ಟು ತಿನ್ನುವವನು ನೀನು.

ಕುಶಾಲನಗರ: ಬಸ್ಸಿನ ಟಿಕೆಟ್ ಮಾಡಿಸುವ ಮೊದಲು ಇವನ ಇಂಟರ್ನಲ್ಸ್ ಅಂಕಗಳನ್ನು ಈ ಗುಂಪಿಗೆ ಹಾಕಲು ಹೇಳಿ.

ಸುಂಟಿಕೊಪ್ಪ: ಮೈಸೂರು ಆಫ್‌ಲೈನ್ ಆಗಿದೆ.