ಅಮೆರಿಕದ ಜೂರಿ ಆಯ್ಕೆ: ಅಣಕು ವಿಚಾರಣೆಗೆ ಎಂಥ ಪ್ರಶ್ನೆ ಕೇಳಬೇಕು?

ಬಸವನಗುಡಿ_ಎಲ್‌ಎಲ್‌ಬಿ:
ಕಾಲೇಜಲ್ಲಿ ಅಮೆರಿಕದ ಫೆಡರಲ್ (ಕೇಂದ್ರ ಸರ್ಕಾರದ) ಕ್ರಿಮಿನಲ್ ಕೇಸಿನ ಅಣಕು ವಿಚಾರಣೆ ಇದೆ. ನಾವು ಆರೋಪಿ ಪರ, ಎದುರಿನವರ ಮುಖ್ಯ ಸಾಕ್ಷಿ ಪೊಲೀಸ್ ಅಧಿಕಾರಿ. ನಮ್ಮ ಸಿಟಿ ಸಿವಿಲ್ ಕೋರ್ಟಿಗೆ ಹೋಗಿ ನೋಡಿ ಕಲಿಯೋಣ ಅಂದರೆ ಇಲ್ಲಿ ಜೂರಿಯೇ (ಆರೋಪಿ ತಪ್ಪಿತಸ್ಥನೋ ಅಲ್ಲವೋ ಅಂತ ತೀರ್ಮಾನಿಸೋ ಸಾಮಾನ್ಯ ಜನರ ತಂಡ) ಇಲ್ಲ. ಜೂರಿಗೆ ಬಂದವರ ಮನಸ್ಸು ತಿಳಿಯೋದು ಹೇಗೆ? ಆಯ್ಕೆ ಹಂತದಲ್ಲೇ ಅವರನ್ನು ಒಲಿಸಿಕೊಳ್ಳಬಹುದಾ?

ವಕಾಲತ್ತು:
ಒಲಿಸೋಕೆ ಹೋಗಬೇಡಿ, ನಿಮಗೆ ಆಗದವರ ಬಾಯಿ ಬಿಡಿಸಿ. ಪೂರ್ವಗ್ರಹ ಇದೆ ಅಂತ ಕಾರಣ ತೋರಿಸಿ ಎಷ್ಟು ಜನರನ್ನಾದರೂ ತೆಗೆಸಬಹುದು, ಜಡ್ಜ್ ಒಪ್ಪಬೇಕಷ್ಟೆ. ಕಾರಣ ಹೇಳದೆ ತೆಗೆಯೋಕೆ ಮಾತ್ರ ಮಿತಿ: ಫೆಲನಿ (ಗಂಭೀರ ಅಪರಾಧ) ಕೇಸಲ್ಲಿ, ಮರಣದಂಡನೆಯ ಪ್ರಶ್ನೆ ಇಲ್ಲದಿದ್ದರೆ, ಸರ್ಕಾರಕ್ಕೆ 6, ಆರೋಪಿಗೆ 10. ಈ 10ನ್ನು ಉಳಿಸಿಕೊಳ್ಳೋದೇ ಲೆಕ್ಕಾಚಾರ.

"ನಿಷ್ಪಕ್ಷಪಾತವಾಗಿ ಇರ್ತೀರಾ?" ಅಂದರೆ ಎಲ್ಲರೂ ಹೂಂ ಅಂತಾರೆ. "ಪೊಲೀಸರು ಒಂದು, ದಾರಿಹೋಕರು ಇನ್ನೊಂದು ಹೇಳಿದರೆ ಯಾರ ಮಾತು ನಂಬ್ತೀರಿ, ಯಾಕೆ?" ಅಂತ ಕೇಳಿ ಸುಮ್ಮನಿರಿ. ಒಬ್ಬರು "ಪೊಲೀಸರದ್ದೇ" ಅಂದರೆ ವಾದಕ್ಕಿಳಿಯಬೇಡಿ. "ಮುಚ್ಚಿಡದೆ ಹೇಳಿದಿರಿ, ಥ್ಯಾಂಕ್ಸ್. ಇನ್ನು ಯಾರಿಗೆ ಹೀಗನಿಸುತ್ತೆ?" ಅನ್ನಿ. ಕೈಯೆತ್ತಿದವರ ಸೀಟ್ ನಂಬರ್ ಗುರುತು ಮಾಡಿಕೊಂಡು ಒಬ್ಬೊಬ್ಬರನ್ನೇ ಕೇಳಿ: ಇದು ಹಳೇ ಅಭಿಪ್ರಾಯವಾ? ಜಡ್ಜ್ ಹೇಳಿದರೂ ಬದಿಗಿಡೋದು ಕಷ್ಟವಾ? ಕೊನೇ ಪ್ರಶ್ನೆ ಕೇಳದೆ ಬಿಟ್ಟರೆ ಸರ್ಕಾರಿ ವಕೀಲರು ಎದ್ದು "ಜಡ್ಜ್ ಹೇಳಿದಂತೆ ನಡ್ಕೋತೀರಲ್ವಾ?" ಅಂತಾರೆ. ಜೂರಿಗೆ ಬಂದವರು ಹೂಂ ಅಂದರೆ ನಿಮ್ಮ ಆಕ್ಷೇಪ ಅಲ್ಲಿಗೇ ಬಿತ್ತು.

ಮಲ್ಲೇಶ್ವರಂ_ಮೇಡಂ:
ಮೇಲಿನವರು ಹೇಳಿದ್ದು ಸರಿ. ಆದರೆ ಫೆಡರಲ್ ಕೋರ್ಟಲ್ಲಿ ಎಷ್ಟೋ ಸಲ ಜಡ್ಜೇ ಪ್ರಶ್ನೆ ಕೇಳ್ತಾರೆ, ಹಾಗಾಗಿ ನಿಮ್ಮವನ್ನು ಮೊದಲೇ ಬರೆದು ಸಲ್ಲಿಸಿ. "ಇಂಥ ಸಾಕ್ಷ್ಯ ತಂದರೆ ಬಿಡುಗಡೆ ಮಾಡ್ತೀರಾ?" ಅಂತ ಮಾತು ತಗೊಳ್ಳೋ ಪ್ರಶ್ನೆಗೆ ಆಕ್ಷೇಪ ಗ್ಯಾರಂಟಿ. ಆರೋಪಿ ಸಾಕ್ಷಿ ಹೇಳೋದಿಲ್ಲ ಅನ್ನೋ ಥರದ ಸೂಕ್ಷ್ಮ ವಿಷಯವನ್ನು ಆಗಲೇ ಎತ್ತಿ. ಅದನ್ನೇ ತಪ್ಪೊಪ್ಪಿಗೆ ಅಂದುಕೊಳ್ಳೋರು ಗೊತ್ತಾಗ್ತಾರೆ, ಉಳಿದವರಿಗೂ ಅದು ಮುಂದೆ ಹೊಸದು ಅನಿಸಲ್ಲ. ಪ್ರಭಾವ ಅಂತ ನ್ಯಾಯವಾಗಿ ಬೀರಬಹುದಾದ್ದು ಇಷ್ಟೇ.

ಕೈಕಟ್ಟಿ ಕೂತರು, ಕಣ್ಣು ತಪ್ಪಿಸಿದರು ಅಂತ ತೀರ್ಮಾನಕ್ಕೆ ಬರಬೇಡಿ, ಚಳಿಗೂ ಕೈ ಕಟ್ಟಿಕೊಳ್ತಾರೆ. ಆಡಿದ ಮಾತನ್ನೇ ಬರೆದಿಡಿ. ಜನಾಂಗ ನೋಡಿ ತೆಗೆಯೋದಕ್ಕೆ ಅಮೆರಿಕದ ಸುಪ್ರೀಂ ಕೋರ್ಟಿನ 1986ರ ಬ್ಯಾಟ್ಸನ್ ತೀರ್ಪು, ಲಿಂಗ ನೋಡಿ ತೆಗೆಯೋದಕ್ಕೆ 1994ರ ಜೆ.ಇ.ಬಿ. ತೀರ್ಪು ಅಡ್ಡ ಬರುತ್ತೆ. ಆ ಆಕ್ಷೇಪ ಬಂದರೆ ಬೇರೆ ಕಾರಣ ಕೊಡೋಕೆ ಆ ಟಿಪ್ಪಣಿಯೇ ಬೇಕು.

ಎಲ್‌ಪಿಒ_ವೈಟ್‌ಫೀಲ್ಡ್:
ಜೂರಿಯವರ ಫೇಸ್‌ಬುಕ್‌ನಲ್ಲಿ ಎಲ್ಲರಿಗೂ ಕಾಣೋದನ್ನು ನೋಡಬಹುದು, ಫ್ರೆಂಡ್ ರಿಕ್ವೆಸ್ಟ್ ಕಳಿಸೋ ಹಾಗಿಲ್ಲ. ಅಮೆರಿಕನ್ ಬಾರ್ ಅಸೋಸಿಯೇಷನ್ (ಅಲ್ಲಿನ ವಕೀಲರ ಸಂಘ) 2014ರಲ್ಲೇ ಇದನ್ನು ಸ್ಪಷ್ಟ ಮಾಡಿದೆ. ವಕೀಲರ ಪರವಾಗಿ ಬೆಂಗಳೂರಲ್ಲಿ ಕೂತು ಹುಡುಕೋರೂ ಈ ಗೆರೆ ದಾಟೋ ಹಾಗಿಲ್ಲ.